ಕೇಳದೆ ಕೊಟ್ಟ ಮಾತ್ರೆ: ಮಂಡ್ಯದ ಮೆಡಿಕಲ್ ಶಾಪಿನಿಂದ ಒಂದು ಬಹಿರಂಗ ಪತ್ರ

ಮಂಡ್ಯ ಜಿಲ್ಲೆಯ ಔಷಧ ನಿಯಂತ್ರಣ ಅಧಿಕಾರಿಗಳಿಗೆ, ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ, ನನ್ನ ಹಾಗೆಯೇ ಕೌಂಟರ್ ಹಿಂದೆ ನಿಂತು ಮಾತ್ರೆ ಕತ್ತರಿಸಿ ಕೊಡುವ ಎಲ್ಲ ಮೆಡಿಕಲ್ ಶಾಪಿನವರಿಗೆ,

ನಮಸ್ಕಾರ.

ನಾನು ಮಂಡ್ಯದಲ್ಲಿ 26 ವರ್ಷದಿಂದ ಮೆಡಿಕಲ್ ಶಾಪ್ ನಡೆಸುತ್ತಿದ್ದೇನೆ. ಡಿ.ಫಾರ್ಮಾ ಓದಿದ್ದೇನೆ. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದೇನೆ. ತಪಾಸಣೆಗೆ ಬಂದಾಗ ಇಲಾಖೆಯವರು ಅದನ್ನು ನೋಡಿಯೂ ಇದ್ದಾರೆ. ಈ ಪತ್ರ ಒಂದು ಮಾತ್ರೆಯ ಬಗ್ಗೆ. ಹೆಸರು ಹೇಳಿದರೆ ಓದುವವರು ಆಚೀಚೆ ನೋಡಿ ಫೋನ್ ಮಗುಚಿ ಇಡುವಂಥ ಮಾತ್ರೆ. ಗಂಡಸರ ನಿಮಿರುವಿಕೆಯ ತೊಂದರೆಗೆ ಕೊಡುವ ಸಿಲ್ಡೆನಾಫಿಲ್, ಟಡಾಲಾಫಿಲ್. ಅಂಗಡಿಗೆ ಬರುವವರ ಬಾಯಲ್ಲಿ ‘ಪವರ್ ಮಾತ್ರೆ’. ಬಾಯಿ ಬಿಟ್ಟು ಹೇಳಿದರೆ ಮಾತ್ರ.

ದೂರು ಕೊಡಲು ಬರೆಯುತ್ತಿಲ್ಲ. ದೂರು ಅಂತ ಇದ್ದರೆ ಅದು ಮೊದಲು ನನ್ನ ಮೇಲೇ. ಅದನ್ನು ಹೇಳಿಯೇ ಮುಂದೆ ಹೋಗುತ್ತೇನೆ.

ನನ್ನ ಒಬ್ಬ ಹಳೇ ಗಿರಾಕಿ. ಗೌಡರು ಅಂತ ಕರೆಯೋಣ. ಮಂಡ್ಯದಲ್ಲಿ ಕಲ್ಲು ಬೀಸಿದರೆ ಯಾವುದಾದರೂ ಗೌಡರ ಮನೆ ಹೆಂಚಿಗೇ ಬೀಳುತ್ತೆ, ಹಾಗಾಗಿ ಯಾರಿಗೂ ಗುರುತು ಸಿಗಲ್ಲ. ವಯಸ್ಸು 60 ದಾಟಿದೆ. ನಮ್ಮಪ್ಪನ ಜೊತೆ ಆಲೆಮನೆ ನಡೆಸಿದವರು. ಮೈಸೂರಿನಲ್ಲಿ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡಿದ್ದರು. ನಮ್ಮ ಕಡೆ ಎಲ್ಲರೂ ಅದನ್ನು ‘ಸ್ಟಂಟು’ ಅಂತಾರೆ, ಅವರೂ ಹಾಗೇ ಅನ್ನುತ್ತಿದ್ದರು. ತಿಂಗಳಿಗೊಂದು ಸಲ ಚೀಟಿ ತರುತ್ತಿದ್ದರು. ರಕ್ತ ತೆಳುವಾಗೋ ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆ, ಬಿಪಿ ಮಾತ್ರೆ, ದಿನಾ ನುಂಗಲು ಐಸೊಸಾರ್ಬೈಡ್ ಮಾನೋನೈಟ್ರೇಟ್. ಜೊತೆಗೆ ಎದೆ ಹಿಡಿದರೆ ನಾಲಿಗೆ ಕೆಳಗೆ ಇಟ್ಟುಕೊಳ್ಳಲು ಒಂದು ಸ್ಟ್ರಿಪ್ ಸಾರ್ಬಿಟ್ರೇಟ್. ಈ ಕೊನೆಯ ಎರಡೂ ‘ನೈಟ್ರೇಟ್’ ಜಾತಿಯ ಎದೆನೋವಿನ ಮಾತ್ರೆಗಳು. ಆ ಸ್ಟ್ರಿಪ್ ಶರ್ಟಿನ ಮೇಲಿನ ಜೇಬಿನಲ್ಲಿ, ಮೊದಲು ಬೀಡಿ ಕಟ್ಟು ಇರುತ್ತಿದ್ದ ಜಾಗದಲ್ಲಿ ಇರುತ್ತಿತ್ತು. ಬೀಡಿ ಬಿಟ್ಟಿದ್ದರು, ಪಾಪ.

ಮೂರು ವರ್ಷದ ಹಿಂದೆ ಒಂದು ರಾತ್ರಿ, ಎಂಟೂವರೆ ಇರಬಹುದು. ಒಬ್ಬ ಹೆಣ್ಣುಮಗಳು ಮಗುವಿಗೆ ಜ್ವರದ ಸಿರಪ್ ತಗೊಂಡು ಹೋಗುವವರೆಗೂ ಗೌಡರು ಹೊರಗೆ ಕಬ್ಬಿನ ಹಾಲಿನ ಗಾಡಿ ಹತ್ತಿರ ನಿಂತಿದ್ದರು. ಆಮೇಲೆ ಒಳಗೆ ಬಂದರು. ನೂರರ ಒಂದು ನೋಟನ್ನು ಕೌಂಟರಿನ ಮೇಲಿಟ್ಟು ನನ್ನ ಕಡೆ ತಳ್ಳಿದರು. ನೋಟಿನ ಕೆಳಗೆ ಒಂದು ಹಳೇ ಫಾಯಿಲ್ ಚೂರು. ಯಾರೋ ಸ್ನೇಹಿತರು ಕೊಟ್ಟಿದ್ದಿರಬೇಕು. ಕತ್ತರಿ ಆಡಿ ಅರ್ಧ ಹೆಸರು ಹೋಗಿತ್ತು. ಉಳಿದಿದ್ದು ‘ನಾಫಿಲ್’ ಅನ್ನುವಷ್ಟು, ಪಕ್ಕದಲ್ಲಿ 100.

ನಾನು ಅವರ ಮುಖ ನೋಡಲಿಲ್ಲ. ಅವರು ನನ್ನ ಮುಖ ನೋಡಲಿಲ್ಲ. ಅಪ್ಪನ ಸ್ನೇಹಿತರು, ನನ್ನನ್ನು ಎತ್ತಿ ಆಡಿಸಿದವರು, ಅವರನ್ನು ಏನಂತ ಕೇಳಲಿ? ನಾಲ್ಕು ಮಾತ್ರೆಯ ಸ್ಟ್ರಿಪ್ ತೆಗೆದೆ, ಎರಡು ಕತ್ತರಿಸಿದೆ, ಆ ಫಾಯಿಲ್ ಚೂರಿನ ಜೊತೆ ಕಂದು ಕವರಿಗೆ ಹಾಕಿ ಕೊಟ್ಟೆ. ಎಲ್ಲ ಸೇರಿ ಒಂದು ನಿಮಿಷವೂ ಆಗಲಿಲ್ಲ. ಅವರು ಚೀಟಿ ತಂದಿರಲಿಲ್ಲ. ಅದಿರಲಿ, ಅವರ ಇನ್ನೊಂದು ಚೀಟಿ ನನಗೆ ಬಾಯಿಪಾಠ ಬರುತ್ತಿತ್ತು. ಹತ್ತು ದಿನದ ಹಿಂದೆ ಇದೇ ಕೈ ಅವರಿಗೆ ನೈಟ್ರೇಟ್ ಕಟ್ಟಿಕೊಟ್ಟಿತ್ತು.

ಅವತ್ತು ನಡುರಾತ್ರಿ ಅವರಿಗೆ ಎದೆ ಬಿಗಿದ ಹಾಗಾಯಿತು. ಡಾಕ್ಟರು ಹೇಳಿಕೊಟ್ಟಂತೆ ಜೇಬಿನಿಂದ ಸಾರ್ಬಿಟ್ರೇಟ್ ತೆಗೆದು ನಾಲಿಗೆ ಕೆಳಗಿಟ್ಟರು. ಸ್ವಲ್ಪ ಹೊತ್ತಿಗೆ ಬಚ್ಚಲ ಕಡೆ ಹೋಗಲು ಎದ್ದವರು ದಡಾರನೆ ಬಿದ್ದರು. ಹಣೆ ಒಗೆಯುವ ಕಲ್ಲಿಗೆ ಬಡಿಯಿತು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಮೈಯೆಲ್ಲ ತಣ್ಣಗೆ, ಬೆವರು. ಮೇಲಿನ ಬಿಪಿ 60 ತೋರಿಸಿತಂತೆ. ಡ್ಯೂಟಿ ಡಾಕ್ಟರು ಕೇಳಿದರು, “ಬೇರೆ ಏನಾದ್ರೂ ಮಾತ್ರೆ ತಗೊಂಡ್ರಾ?” ಮಗ ನಿಂತಿದ್ದ. ಸೊಸೆ ನಿಂತಿದ್ದಳು. ಗೌಡರು ಇಲ್ಲ ಅಂತ ತಲೆಯಾಡಿಸಿದರು. ಡಾಕ್ಟರು ಇನ್ನೊಂದು ಸಲ ಕೇಳಿದರು. ಮತ್ತೆ ಇಲ್ಲ. ಆಗ ಅವರ ಹೆಂಡತಿ ಸೆರಗಿನ ಗಂಟು ಬಿಚ್ಚಿ ಆ ಫಾಯಿಲ್ ತೆಗೆದುಕೊಟ್ಟರು. “ಇದೊಂದು ನುಂಗವ್ರೆ ಡಾಕ್ಟ್ರೇ. ಅದುಕ್ಕೂ ಇದುಕ್ಕೂ ಸಂಬಂಧ ಅದೋ ಇಲ್ವೋ ನಂಗೊತ್ತಿಲ್ಲ.”

ಸಂಬಂಧ ಇತ್ತು. ಡಾಕ್ಟರು ನೈಟ್ರೇಟ್ ಮುಟ್ಟಲಿಲ್ಲ. ಕಾಲು ಎತ್ತರಕ್ಕಿಟ್ಟು, ಸಲೈನ್ ಹಾಕಿ, ಬೆಳಗಿನವರೆಗೂ ಮಾನಿಟರ್ ಮುಂದೆ ಕಾದರು. ಗೌಡರು ಉಳಿದರು. ಹಣೆಗೆ ಎಂಟು ಹೊಲಿಗೆ.

ಇದೆಲ್ಲ ನನಗೆ ಗೊತ್ತಾಗಿದ್ದು ನಾಲ್ಕು ದಿನ ಆದಮೇಲೆ. ಆಯಮ್ಮ ಡ್ರೆಸ್ಸಿಂಗ್ ಸಾಮಾನಿನ ಚೀಟಿ ಹಿಡಿದು ಬಂದರು. ಚೀಟಿಯ ಪಕ್ಕ ಆ ಫಾಯಿಲ್ ಇಟ್ಟರು. “ನೀನೇ ಕೊಟ್ಟಿದ್ದಾ ಮಗಾ?” ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಒಳಗೆ ಏನಾಗುತ್ತೆ ಅಂತ ನಮ್ಮೂರಿನ ಲೆಕ್ಕದಲ್ಲೇ ಹೇಳುತ್ತೇನೆ. ರಕ್ತನಾಳಕ್ಕೆ ‘ಸಡಿಲವಾಗು’ ಅಂತ ಹೇಳುವ ಒಂದು ರಾಸಾಯನಿಕ ನಮ್ಮ ಮೈಯಲ್ಲೇ ಇದೆ. ಸೈಕ್ಲಿಕ್ ಜಿಎಂಪಿ ಅಂತ ಹೆಸರು. ಅದನ್ನು ಗದ್ದೆಗೆ ಬಿಡುವ ನೀರು ಅಂದುಕೊಳ್ಳಿ. ನೈಟ್ರೇಟ್ ಮಾತ್ರೆ ನಾಲೆಯ ತೂಬು ಎತ್ತುತ್ತದೆ, ನೀರು ನುಗ್ಗುತ್ತದೆ. ಪಿಡಿಇ-5 ಅನ್ನುವ ಕಿಣ್ವ ಆ ನೀರನ್ನು ಹೊರಗೆ ಹಾಕುವ ಬಸಿಗಾಲುವೆ. ಸಿಲ್ಡೆನಾಫಿಲ್ ಜಾತಿಯ ಮಾತ್ರೆಗಳು ಆ ಬಸಿಗಾಲುವೆಗೆ ಮಣ್ಣು ಹಾಕುತ್ತವೆ. ಒಂದೊಂದೇ ಆದರೆ ಗದ್ದೆ ತಾಳಿಕೊಳ್ಳುತ್ತೆ. ತೂಬೂ ಎತ್ತಿ ಬಸಿಗಾಲುವೆಯನ್ನೂ ಮುಚ್ಚಿದರೆ? ವಿ.ಸಿ. ನಾಲೆ ಕೆಳಗೆ ಗದ್ದೆ ಮಾಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಮೈಯ ರಕ್ತನಾಳಗಳೆಲ್ಲ ಒಟ್ಟಿಗೆ ಸಡಿಲ ಬಿಟ್ಟು ಬಿಪಿ ಪಾತಾಳಕ್ಕೆ ಇಳಿಯುತ್ತದೆ. ಮೆದುಳಿಗೆ ರಕ್ತ ಸಾಲದೆ ಮನುಷ್ಯ ಬೀಳುತ್ತಾನೆ. ಮೊದಲೇ ಅರ್ಧ ಕಟ್ಟಿಕೊಂಡಿರುವ ಹೃದಯದ ನಾಳಕ್ಕೂ ರಕ್ತ ಸಾಲದು.

ತಮಾಷೆ ನೋಡಿ. ಸಿಲ್ಡೆನಾಫಿಲ್ ಹುಟ್ಟಿದ್ದೇ ಎದೆನೋವಿನ ಔಷಧಿಯಾಗಿ. ಫೈಜರ್ ಕಂಪನಿಯವರು ಇಂಗ್ಲೆಂಡಿನ ಸ್ಯಾಂಡ್‌ವಿಚ್ ಅನ್ನೋ ಊರಿನ ತಮ್ಮ ಪ್ರಯೋಗಾಲಯದಲ್ಲಿ ಆಂಜೈನಾಕ್ಕೆ ಅಂತ ಹುಡುಕಿದ್ದು. ಎದೆನೋವಿಗೆ ಅಷ್ಟಾಗಿ ಕೆಲಸ ಮಾಡಲಿಲ್ಲ, ಪ್ರಯೋಗಕ್ಕೆ ಬಂದ ಗಂಡಸರು ಬೇರೆಯದೇ ಪರಿಣಾಮ ಹೇಳಿದರು. 1998ರ ಮಾರ್ಚಿನಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟಿತು, ವಯಾಗ್ರ ಅನ್ನೋ ಹೆಸರಿನಲ್ಲಿ. ಎದೆನೋವಿಗೆ ಅಂತ ಹುಡುಕಿದ ಮಾತ್ರೆಗೆ ಎದೆನೋವಿನ ಮಾತ್ರೆಯೇ ಆಗಿಬರುವುದಿಲ್ಲ.

ಗೌಡರ ವಿಷಯ ಅವರೊಬ್ಬರದೇ ಆಗಿದ್ದರೆ ನಾನು ಅವರ ಕಾಲಿಗೆ ಬಿದ್ದು ಸುಮ್ನಾಗುತ್ತಿದ್ದೆ. ಈಗ ಸಾರ್ಬಿಟ್ರೇಟ್ ಇರುವುದು ಹೃದ್ರೋಗಿಗಳ ಜೇಬಿನಲ್ಲಿ ಮಾತ್ರ ಅಲ್ಲ. 2021ರ ಅಕ್ಟೋಬರ್ 29ರಂದು ಅಪ್ಪು ಹೋದರಲ್ಲ, ಆವತ್ತಿನಿಂದ ನಮ್ಮ ಜನಕ್ಕೆ ಎದೆಯ ಭಯ ಹತ್ತಿಕೊಂಡಿದೆ. 2025ರಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳು ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳ್ಳಂಬೆಳಗ್ಗೆ ಸಾಲು ನಿಂತಿತ್ತು. ವಾಟ್ಸಾಪಿನಲ್ಲಿ ‘ಈ ಮೂರು ಮಾತ್ರೆ ಸದಾ ಜೇಬಲ್ಲಿಟ್ಟುಕೊಳ್ಳಿ’ ಅಂತ ಒಂದು ಸಂದೇಶ ಸುತ್ತುತ್ತಲೇ ಇದೆ. ಅದರಲ್ಲೊಂದು ಸಾರ್ಬಿಟ್ರೇಟ್. ಜನ ಬಂದು ‘ಆ ಕಿಟ್ ಕೊಡಿ’ ಅನ್ನುತ್ತಾರೆ. 40 ವರ್ಷದವರು, ಇಸಿಜಿ ಕೂಡ ಮಾಡಿಸದವರು. ಅವರಲ್ಲೇ ಕೆಲವರು ವಾರಕ್ಕೊಂದು ಸಲ ನೂರರ ನೋಟು ತಳ್ಳುವವರು. ಎರಡೂ ಮಾತ್ರೆ ಒಂದೇ ಜೇಬಿನಲ್ಲಿ. ಆ ಸಂದೇಶದಲ್ಲಿ ಈ ವಿಷಯ ಒಂದು ಸಾಲೂ ಇಲ್ಲ.

ಆದ್ದರಿಂದ ಇದನ್ನು ಓದುತ್ತಿರುವವರು ದಯವಿಟ್ಟು ಈ ಲೆಕ್ಕ ನೆನಪಿಟ್ಟುಕೊಳ್ಳಿ. ಸಿಲ್ಡೆನಾಫಿಲ್ ಅಥವಾ ಅದೇ ಜಾತಿಯ ವಾರ್ಡೆನಾಫಿಲ್ ನುಂಗಿದ್ದರೆ 24 ಗಂಟೆ ನೈಟ್ರೇಟ್ ಮುಟ್ಟಬಾರದು. ಟಡಾಲಾಫಿಲ್ ಆದರೆ 48 ಗಂಟೆ. ಅಂದರೆ ಶನಿವಾರ ರಾತ್ರಿ ಹತ್ತಕ್ಕೆ ನುಂಗಿದ್ದು ಸೋಮವಾರ ರಾತ್ರಿ ಹತ್ತರವರೆಗೆ ಲೆಕ್ಕಕ್ಕೆ ಬರುತ್ತೆ. ಆ ಹೊತ್ತಿನಲ್ಲಿ ಎದೆನೋವು ಬಂದರೆ ನಾಲಿಗೆ ಕೆಳಗಿನ ಮಾತ್ರೆ ಬೇಡ. ಮಾಡುತ್ತಿರುವುದನ್ನು ನಿಲ್ಲಿಸಿ, ಕೂತು, 108ಕ್ಕೆ ಫೋನ್ ಮಾಡಿ. ಆಂಬುಲೆನ್ಸಿನವರಿಗೂ ಡಾಕ್ಟರಿಗೂ ಮೊದಲ ಮಾತೇ ಇದಾಗಿರಲಿ: ಯಾವ ಮಾತ್ರೆ, ಎಷ್ಟು ಗಂಟೆಗೆ. ದಿನಾ ನೈಟ್ರೇಟ್ ತಿನ್ನುವವರಿಗಂತೂ ಈ ಜಾತಿಯ ಮಾತ್ರೆ ಬೇಡವೇ ಬೇಡ. ‘ಅರ್ಧ ನುಂಗ್ತೀನಿ’ ಅನ್ನೋ ಚೌಕಾಸಿ ಇಲ್ಲಿ ನಡೆಯಲ್ಲ. ನೈಟ್ರೇಟ್ ಅಂದರೆ ಮಾತ್ರೆ ಒಂದೇ ಅಲ್ಲ, ನೈಟ್ರೋಗ್ಲಿಸರಿನ್ ಸ್ಪ್ರೇ ಇದೆ, ಎದೆಗೆ ಅಂಟಿಸುವ ಪಟ್ಟಿ ಇದೆ. ನಿಕೊರಾಂಡಿಲ್ ಅಂತ ಇನ್ನೊಂದು ಮಾತ್ರೆಯನ್ನೂ ನಮ್ಮ ಹೃದಯದ ಡಾಕ್ಟರುಗಳು ಬರೆಯುತ್ತಾರೆ. ಹೆಸರಲ್ಲಿ ನೈಟ್ರೇಟ್ ಅಂತ ಇಲ್ಲ, ಕೆಲಸ ಅದೇ. ಅದಕ್ಕೂ ಇದೇ ಮಾತು.

ಇನ್ನೊಂದು ಗುಂಡಿ ಇದೆ. ಅದರಲ್ಲಿ ಪ್ರಾಮಾಣಿಕರೇ ಬೀಳುತ್ತಾರೆ. 60 ದಾಟಿದ ಗಂಡಸರಿಗೆ ಪ್ರಾಸ್ಟೇಟ್ ದೊಡ್ಡದಾಗಿ, ರಾತ್ರಿ ನಾಲ್ಕು ಸಲ ಎದ್ದು ಮೂತ್ರಕ್ಕೆ ಹೋಗುವ ಕಷ್ಟ. ಅದಕ್ಕೆ ದಿನಾ 5 ಮಿಲಿಗ್ರಾಂ ಟಡಾಲಾಫಿಲ್ ಕೊಡುವುದುಂಟು. ಟ್ಯಾಮ್ಸುಲೋಸಿನ್ ಅನ್ನೋ ಇನ್ನೊಂದು ಪ್ರಾಸ್ಟೇಟ್ ಔಷಧಿ ಜೊತೆ ಸೇರಿಸಿ ಒಂದೇ ಮಾತ್ರೆಯಾಗಿಯೂ ಬರುತ್ತೆ. ಆ ಯಜಮಾನರನ್ನು ಎಮರ್ಜೆನ್ಸಿಯಲ್ಲಿ ‘ಪವರ್ ಮಾತ್ರೆ ತಗೊಂಡಿದ್ದೀರಾ’ ಅಂತ ಕೇಳಿದರೆ ‘ಛೀ, ಇಲ್ಲ’ ಅನ್ನುತ್ತಾರೆ. ಸುಳ್ಳಲ್ಲ. ಅವರ ಪಾಲಿಗೆ ಅದು ‘ಉಚ್ಚೆ ಮಾತ್ರೆ’. ಆದರೆ ದಿನಾ ನುಂಗುವವರ ಮೈಯಲ್ಲಿ ಟಡಾಲಾಫಿಲ್ ಯಾವಾಗಲೂ ಇದ್ದೇ ಇರುತ್ತೆ. ಅದಕ್ಕೇ ನಾನು ಗಿರಾಕಿಗಳಿಗೆ ಒಂದು ಗುರುತು ಹೇಳಿಕೊಡುತ್ತೇನೆ. ಬ್ರ್ಯಾಂಡ್ ಹೆಸರು ಏನೇ ಇರಲಿ, ಕೆಳಗೆ ಸಣ್ಣ ಅಕ್ಷರದಲ್ಲಿ ಔಷಧಿಯ ನಿಜವಾದ ಹೆಸರಿರುತ್ತೆ. ಅದರ ಬಾಲದಲ್ಲಿ ‘ಆಫಿಲ್’ ಅಂತ ಇದೆಯಾ ನೋಡಿ. ಸಿಲ್ಡೆನಾಫಿಲ್, ಟಡಾಲಾಫಿಲ್, ವಾರ್ಡೆನಾಫಿಲ್, ಅವನಾಫಿಲ್. ಎಲ್ಲ ಒಂದೇ ಮನೆಯವು. ಎರಡನ್ನು ಒಟ್ಟಿಗೆ ನುಂಗಬಾರದು ಅನ್ನೋದಕ್ಕೂ ಇದೇ ಗುರುತು ಸಾಕು.

ಪ್ರಾಸ್ಟೇಟಿಗೆ, ಬಿಪಿಗೆ ಕೊಡುವ ಟ್ಯಾಮ್ಸುಲೋಸಿನ್, ಸಿಲೋಡೋಸಿನ್, ಪ್ರಾಜೋಸಿನ್ ಇವುಗಳೂ ನಾಳ ಸಡಿಲ ಮಾಡುವಂಥವೇ. ಜೊತೆಗೆ ಕೊಡಲೇಬಾರದು ಅಂತಿಲ್ಲ. ಆದರೆ ಈ ಮಾತ್ರೆಗಳಿಗೆ ಮೊದಲು ಮೈ ಒಗ್ಗಿರಬೇಕು, ಸಿಲ್ಡೆನಾಫಿಲ್ ಕಡಿಮೆ ಡೋಸಿನಲ್ಲಿ ಶುರುವಾಗಬೇಕು, ಸಾಮಾನ್ಯವಾಗಿ 25 ಮಿಲಿಗ್ರಾಂನಿಂದ. ನಮ್ಮ ಜನ ಶುರುಮಾಡುವುದೇ ‘ನೂರು ಕೊಡಿ’ಯಿಂದ. 65 ದಾಟಿದವರಿಗೆ, ಲಿವರ್ ಅಥವಾ ಕಿಡ್ನಿ ತೊಂದರೆ ಇದ್ದವರಿಗೂ 25ರ ಲೆಕ್ಕವೇ.

ಹುಳುಕಡ್ಡಿಗೂ ಇದಕ್ಕೂ ಏನು ಸಂಬಂಧ ಅಂತ ಒಬ್ಬರು ನಕ್ಕರು. ಇದೆ. ಗದ್ದೆ ಕೆಲಸ ಮಾಡುವವರಿಗೆ ತೊಡೆಸಂದಿನ ಹುಳುಕಡ್ಡಿ ಬಿಡದೆ ಕಾಡುತ್ತೆ. ಅದಕ್ಕೆ ಇಟ್ರಾಕೊನಜೋಲ್ ವಾರಗಟ್ಟಲೆ ಕೊಡುತ್ತಾರೆ. ಸಿಲ್ಡೆನಾಫಿಲ್ ಅನ್ನು ಒಡೆದು ಹಾಕುವ ಲಿವರಿನ ಕಿಣ್ವವನ್ನು ಇದು ತಡೆಯುತ್ತೆ. ನುಂಗಿದ್ದು 50 ಆದರೂ ಮೈಗೆ ಅದಕ್ಕಿಂತ ಜಾಸ್ತಿ ನುಂಗಿದ ಹಾಗೆ. ಕೀಟೊಕೊನಜೋಲ್, ಕ್ಲಾರಿಥ್ರೋಮೈಸಿನ್, ಎಚ್‌ಐವಿಗೆ ಕೊಡುವ ರಿಟೊನವಿರ್ ಕೂಡ ಹೀಗೇ. ಟಿಬಿಯ ರಿಫಾಂಪಿಸಿನ್ ಇದಕ್ಕೆ ಉಲ್ಟಾ. ಮಾತ್ರೆಯನ್ನು ಬೇಗ ಒಡೆದು ಹಾಕುತ್ತೆ, ಪರಿಣಾಮ ಇಳಿಯುತ್ತೆ. ಆಗ ನುಂಗಿದವನು ಏನು ಮಾಡುತ್ತಾನೆ? ಇನ್ನೊಂದು ನುಂಗುತ್ತಾನೆ.

ಇನ್ನೊಂದು ನುಂಗುವ ಚಾಳಿಯ ಬಗ್ಗೆ ಹೇಳುವುದಾದರೆ ಬಾಡೂಟದ ಬಗ್ಗೆ ಹೇಳಲೇಬೇಕು. ಮಂಡ್ಯದವನಾಗಿ ಬಾಡೂಟಕ್ಕೆ ಅಡ್ಡ ಮಾತಾಡಲ್ಲ. ಮುದ್ದೆ, ಕೊಬ್ಬು ತೇಲುವ ಮಟನ್ ಸಾರು, ಬೋಟಿ ಗೊಜ್ಜು ಹೊಡೆದು, ಮೇಲೆ ಸಿಲ್ಡೆನಾಫಿಲ್ ನುಂಗಿದರೆ ಅದು ಕೆಲಸ ಶುರುಮಾಡುವುದು ಸುಮಾರು ಒಂದು ಗಂಟೆ ತಡ. ಜಿಡ್ಡಿನ ಊಟದ ಗುಣ ಅದು. ಅರ್ಧ ಗಂಟೆ ಕಾದು ‘ಇದು ಡೂಪ್ಲಿಕೇಟು’ ಅಂತ ತೀರ್ಮಾನಿಸಿ ಎರಡನೇ ನೂರು ನುಂಗಿದವರನ್ನು ನಾನು ಕಂಡಿದ್ದೇನೆ. ಊಟಕ್ಕೆ ಮುಂಚೆ ಮೂರು ಪೆಗ್ ಬೇರೆ ಆಗಿರುತ್ತೆ. ಎಣ್ಣೆಯೂ ಬಿಪಿ ಇಳಿಸುತ್ತೆ, ಮಾತ್ರೆಯೂ ಇಳಿಸುತ್ತೆ, ಬೆಳಗ್ಗೆ ನುಂಗಿದ ಬಿಪಿ ಮಾತ್ರೆ ಅಮ್ಲೋಡಿಪಿನ್ ಕೂಡ ಇಳಿಸುತ್ತೆ. ಎರಡು ಮಾತ್ರೆಯ ಪರಿಣಾಮ ಒಟ್ಟಿಗೆ ಏರುವ ಹೊತ್ತಿಗೆ ಆಸಾಮಿ ಎದ್ದು ನಿಲ್ಲಲು ಹೋಗಿರುತ್ತಾನೆ. ಒಂದು ದಿನಕ್ಕೆ ಒಂದೇ. ಅದರಲ್ಲಿ ಎರಡು ಮಾತಿಲ್ಲ. ಇತ್ತೀಚೆಗೆ ಶೀಘ್ರಸ್ಖಲನಕ್ಕೆ ಕೊಡುವ ಡಪಾಕ್ಸೆಟಿನ್ ಸೇರಿಸಿದ ಮಾತ್ರೆಗಳೂ ಓಡುತ್ತಿವೆ. ತಲೆಸುತ್ತು ಬಂದು ಬೀಳುವುದು ಅದರಲ್ಲಿ ಇನ್ನೂ ಸುಲಭ. ಖಿನ್ನತೆಗೆ ಮಾತ್ರೆ ತಿನ್ನುವವರು, ನೋವಿಗೆ ಟ್ರಾಮಾಡಾಲ್ ತಿನ್ನುವವರು ಅದರ ಹತ್ತಿರ ಹೋಗಬಾರದು.

ತಲೆನೋವು, ಮುಖ ಕೆಂಪಾಗುವುದು, ಮೂಗು ಕಟ್ಟುವುದು, ಎಲ್ಲ ಸ್ವಲ್ಪ ನೀಲಿಯಾಗಿ ಕಾಣುವುದು, ಇವು ಬಂದು ಹೋಗುವಂಥವು. ಆದರೆ ಇದ್ದಕ್ಕಿದ್ದಂತೆ ಒಂದು ಕಣ್ಣು ಮಂಜಾದರೆ ಅಥವಾ ಕಿವಿ ಕೇಳದಾದರೆ ಮಾತ್ರೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಹೋಗಬೇಕು. ನಿಮಿರುವಿಕೆ ನಾಲ್ಕು ಗಂಟೆ ಕಳೆದರೂ ಇಳಿಯದಿದ್ದರೆ ಅದು ಜಂಬದ ವಿಷಯ ಅಲ್ಲ, ಎಮರ್ಜೆನ್ಸಿ. ಬೆಳಗಾಗಲಿ ಅಂತ ಕಾದರೆ ಅಂಗವೇ ಶಾಶ್ವತವಾಗಿ ಕೆಡಬಹುದು. ಸಿಕಲ್ ಸೆಲ್ ರಕ್ತಹೀನತೆ ಇದ್ದವರಿಗೆ ಈ ಅಪಾಯ ಜಾಸ್ತಿ. ಎಚ್.ಡಿ. ಕೋಟೆ ಕಡೆಯ ಹಾಡಿಗಳಲ್ಲಿ ಈ ಕಾಯಿಲೆ ಇದೆ, ಹಾಗಾಗಿ ಮೈಸೂರು ಜಿಲ್ಲೆಯ ಅಧಿಕಾರಿಗಳೂ ಈ ಸಾಲು ಓದಿದರೆ ಒಳ್ಳೆಯದು.

ಇನ್ನು ಡೇರೆಗಳು. ಹೆದ್ದಾರಿ ಪಕ್ಕ, ಜಾತ್ರೆ ಬಯಲಲ್ಲಿ, ಬೇರು ನಾರು ಬಾಟಲಿ ಜೋಡಿಸಿಕೊಂಡು ಕೂತಿರುತ್ತಾರಲ್ಲ ಅವು. ಬಸ್ ಸ್ಟ್ಯಾಂಡಿನ ಗೋಡೆ ಮೇಲೆ ‘ಗುಪ್ತ ರೋಗ’ ಅಂತ ಬರೆದ ಫೋನ್ ನಂಬರುಗಳು. ಗೌಡರ ಘಟನೆ ಆದಮೇಲೆ ನಾನು ಚೀಟಿ ಇಲ್ಲದೆ ಕೊಡುವುದು ನಿಲ್ಲಿಸಿದೆ. ಒಳ್ಳೆಯ ಕೆಲಸ ಮಾಡಿದೆ ಅಂತ ಬೀಗಿದೆ. ಎರಡು ತಿಂಗಳಿಗೆ ಅದೇ ಗಿರಾಕಿಗಳಲ್ಲೊಬ್ಬರು ಒಂದು ಪೊಟ್ಟಣ ತಂದು ತೋರಿಸಿದರು. ಬೂದು ಬಣ್ಣದ ಪುಡಿ, ಲೇಬಲ್ ಇಲ್ಲ. “ಇದು ಪ್ಯೂರ್ ಆಯುರ್ವೇದ ಕಣಣ್ಣ, ನಿನ್ ಇಂಗ್ಲಿಷ್ ಮಾತ್ರೆಗಿಂತ ಜೋರು. ಅರ್ಧ ಗಂಟೇಲಿ ಕೆಲ್ಸ.” ಅರ್ಧ ಗಂಟೆಯಲ್ಲಿ ಕೆಲಸ ಮಾಡುವ ಬೇರು ನಾನಂತೂ ಕಂಡಿಲ್ಲ. ‘ಗಿಡಮೂಲಿಕೆ’ ಅಂತ ಮಾರುವ ಇಂಥ ಪುಡಿ, ಕ್ಯಾಪ್ಸೂಲುಗಳಲ್ಲಿ ಸಿಲ್ಡೆನಾಫಿಲ್ ಅನ್ನೇ ಬೆರೆಸಿರುವುದು ಎಷ್ಟೋ ದೇಶಗಳಲ್ಲಿ ಪರೀಕ್ಷೆಯಾಗಿ ಸಿಕ್ಕಿಬಿದ್ದಿದೆ. ಎಷ್ಟು ಮಿಲಿಗ್ರಾಂ ಅಂತ ಬೆರೆಸಿದವನಿಗೂ ಗೊತ್ತಿರುವುದಿಲ್ಲ. ಸ್ಟೆಂಟ್ ಹಾಕಿಸಿಕೊಂಡವನು ‘ಇದು ಬರೀ ಬೇರು, ಏನೂ ಆಗಲ್ಲ’ ಅಂತ ನುಂಗುತ್ತಾನೆ. ಆಸ್ಪತ್ರೆಯಲ್ಲಿ ಕೇಳಿದರೆ ಹೇಳುವುದೂ ಇಲ್ಲ, ಅದು ಮಾತ್ರೆಯೇ ಅಲ್ಲವಲ್ಲ. ನಿಜವಾದ ಆಯುರ್ವೇದ ವೈದ್ಯರಿಗೂ ಇದರಿಂದ ಕೆಟ್ಟ ಹೆಸರು.

ಅಧಿಕಾರಿಗಳೇ, ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಅಂತ ಔಷಧಿಯ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ತಡೆಯುತ್ತೆ. 70 ವರ್ಷ ದಾಟಿತು. ಆ ಗೋಡೆಗಳಿಗೆ ಸುಣ್ಣ ಹೊಡೆಸಲು ಇನ್ನೆಷ್ಟು ದಿನ ಬೇಕು? ಡೇರೆಯ ಪುಡಿಯ ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸಿ. ಅದರಲ್ಲಿ ಸಿಕ್ಕಿದ್ದನ್ನು ಕನ್ನಡದಲ್ಲಿ, ಪತ್ರಿಕೆಯಲ್ಲಿ, ಜನಕ್ಕೆ ಗೊತ್ತಾಗುವ ಹಾಗೆ ಹೇಳಿ. ಜನ ನಂಬುವುದು ಅದನ್ನೇ.

ಆದರೆ ‘ಚೀಟಿ ಇಲ್ಲದೆ ಕೊಡಬೇಡಿ’ ಅಂತ ನಮಗೆ ಒಂದು ಸುತ್ತೋಲೆ ಕಳಿಸಿ ಕೈ ತೊಳೆದುಕೊಳ್ಳಬೇಡಿ. ಅದು ಈಗಾಗಲೇ ನಿಯಮ. ಇವು ಶೆಡ್ಯೂಲ್ ಎಚ್, ಅಂದರೆ ಡಾಕ್ಟರ ಚೀಟಿ ಇದ್ದರೆ ಮಾತ್ರ ಮಾರಬೇಕಾದ ಔಷಧಿಗಳು, ಕೆಂಪು ಗೆರೆ ಇರುವ ಡಬ್ಬಿ, ನಮಗೆಲ್ಲ ಗೊತ್ತು. ಗೊತ್ತಿದ್ದೂ ಕೊಡುತ್ತೇವೆ. ಕೊಡದಿದ್ದರೆ ಪಕ್ಕದ ಅಂಗಡಿಯವನು ಕೊಡುತ್ತಾನೆ ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಯಾವ ಸುತ್ತೋಲೆಗೂ ಸಿಗುವುದಿಲ್ಲ. ನಾಚಿಕೆ ಗಿರಾಕಿಗೆ ಮಾತ್ರ ಅಲ್ಲ, ಕೌಂಟರ್ ಹಿಂದೆ ನಿಂತ ನಮಗೂ ಇದೆ. ‘ನಿಮಗೆ ಹೃದಯದ ತೊಂದರೆ ಇದೆಯಾ, ನೈಟ್ರೇಟ್ ತಿನ್ನುತ್ತೀರಾ’ ಅಂತ ಕೇಳಲು ಬೇಕಾಗಿರುವುದು ಐದು ಸೆಕೆಂಡು. ನಾನು 23 ವರ್ಷ ಆ ಐದು ಸೆಕೆಂಡು ಉಳಿಸಿದವನು.

ಡಾಕ್ಟರುಗಳಲ್ಲೂ ಈ ನಾಚಿಕೆ ಇದೆ, ಬೇಜಾರು ಮಾಡಿಕೊಳ್ಳಬೇಡಿ. ಸ್ಟೆಂಟ್ ಹಾಕಿದ ಮೇಲೆ ಉಪ್ಪು, ಬೀಡಿ, ನಡಿಗೆ ಎಲ್ಲದರ ಬಗ್ಗೆ ಹೇಳಿ ಕಳಿಸುತ್ತಾರೆ. ಹೆಂಡತಿ ಜೊತೆ ಯಾವಾಗ ಮಲಗಬಹುದು, ಆಗದಿದ್ದರೆ ಯಾರನ್ನು ಕೇಳಬೇಕು ಅಂತ ಗೌಡರಿಗೆ ಯಾರೂ ಹೇಳಿರಲಿಲ್ಲ. ಅವರು ಕೇಳಿಯೂ ಇರಲಿಲ್ಲ. ಹೃದಯಾಘಾತ ಆಗಿ ಆರು ತಿಂಗಳೊಳಗೆ ಈ ಮಾತ್ರೆಗಳನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಅದಾದ ಮೇಲೆ, ನೈಟ್ರೇಟ್ ಬೇಕಿಲ್ಲದ, ಎರಡು ಮಹಡಿ ಸರಸರ ಹತ್ತಿದರೂ ಎದೆ ಹಿಡಿಯದ ಎಷ್ಟೋ ಜನಕ್ಕೆ ಇದು ಸುರಕ್ಷಿತ. ಮಾತ್ರೆ ಪಾಪದ್ದಲ್ಲ. ಡಾಕ್ಟರು ನೋಡಿ ಬರೆದುಕೊಟ್ಟರೆ ಮನೆಗೆ ನೆಮ್ಮದಿ ತರುವ ಮಾತ್ರೆ.

ಇನ್ನೂ ಒಂದು ವಿಷಯ ಇಲಾಖೆಗೆ ಹೇಳಬೇಕು. ಈ ತೊಂದರೆ ಎಷ್ಟೋ ಸಲ ಹೃದಯದ ಕಾಯಿಲೆಯ ಮುನ್ಸೂಚನೆ. ಶಿಶ್ನದ ರಕ್ತನಾಳ ಒಂದೆರಡು ಮಿಲಿಮೀಟರ್ ಅಗಲ. ಹೃದಯದ್ದು ಮೂರು ನಾಲ್ಕು. ಕೊಬ್ಬು ಕಟ್ಟಲು ಶುರುವಾದರೆ ಸಣ್ಣ ಪೈಪು ಮೊದಲು ಸುಸ್ತಾಗುತ್ತೆ. ಎದೆನೋವು ಬರುವ ಎರಡು ಮೂರು ವರ್ಷ ಮುಂಚೆಯೇ ಇದು ಕಾಣಿಸಿಕೊಳ್ಳಬಹುದು. ಶುಗರ್ ಇದೆ ಅಂತ ಗೊತ್ತಿಲ್ಲದವರಿಗೂ ಮೊದಲ ಗುರುತು ಇದೇ ಆಗಿರಬಹುದು. ಅಂದರೆ ರಾತ್ರಿ ಎಂಟೂವರೆಗೆ ನೋಟು ತಳ್ಳುವ 45 ವರ್ಷದ ಗಂಡಸು ಇಸಿಜಿ, ಶುಗರ್, ಬಿಪಿ ನೋಡಿಸಿಕೊಳ್ಳಬೇಕಾದ ಮೊದಲ ಮನುಷ್ಯ. ನಾವು ಅವನಿಗೆ ಎರಡು ಮಾತ್ರೆ ಕತ್ತರಿಸಿಕೊಟ್ಟು ವಾಪಸ್ ಕಳಿಸುತ್ತಿದ್ದೇವೆ. ಕೆಲವರು ‘ಬಿಪಿ ಮಾತ್ರೆಯಿಂದಲೇ ಹೀಗಾಯ್ತು’ ಅಂತ ಅದನ್ನೇ ಬಿಟ್ಟುಬಿಡುತ್ತಾರೆ. ಕೆಲವು ಬಿಪಿ ಮಾತ್ರೆಗಳಿಂದ ಹಾಗಾಗುವುದು ನಿಜ. ಬಿಡುವುದಲ್ಲ, ಬದಲಾಯಿಸಿ ಅಂತ ಡಾಕ್ಟರನ್ನು ಕೇಳಬೇಕು.

ಈಗ ನನ್ನ ಬೇಡಿಕೆ. ದೊಡ್ಡದೇನಲ್ಲ, ಬಜೆಟ್ ಬೇಡ. ಸರ್ಕಾರದ ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯಲ್ಲಿ ಎದೆನೋವು ಅಂತ ತಾಲೂಕು ಆಸ್ಪತ್ರೆಗೆ ಹೋದರೆ ಅಲ್ಲೇ ಇಸಿಜಿ ಮಾಡುತ್ತಾರೆ, ದೊಡ್ಡ ಆಸ್ಪತ್ರೆಯ ತಜ್ಞರು ನೋಡಿ ಹೇಳುತ್ತಾರೆ, ಬೇಕಾದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಪುಕ್ಕಟೆ. ಬಹಳ ಒಳ್ಳೆಯ ಯೋಜನೆ. ಎದೆನೋವಿನವರು ಬಂದಾಗ ಬರೆದುಕೊಳ್ಳುವ ಹಾಳೆಯಲ್ಲಿ ಒಂದು ಸಾಲು ಸೇರಿಸಿ: ‘ಕಳೆದ ಎರಡು ದಿನದಲ್ಲಿ ಪವರ್ ಮಾತ್ರೆ, ಪ್ರಾಸ್ಟೇಟ್ ಮಾತ್ರೆ ಅಥವಾ ಶಕ್ತಿ ಪುಡಿ ತಗೊಂಡಿದ್ದೀರಾ?’ ಮಗನನ್ನೂ ಸೊಸೆಯನ್ನೂ ಒಂದು ನಿಮಿಷ ಆಚೆ ಕಳಿಸಿ ಕೇಳಿ. ಎಲ್ಲರನ್ನೂ ಕೇಳಿ, ಆಗ ಯಾರಿಗೂ ‘ನನ್ನನ್ನೇ ಯಾಕೆ ಕೇಳಿದರು’ ಅನ್ನಿಸಲ್ಲ.

ಮಾತ್ರೆಯ ಜೊತೆ ಕೊಡಲು ಒಂದು ಕನ್ನಡ ಚೀಟಿ ಮಾಡಿಕೊಡಿ. ಸ್ಟ್ರಿಪ್ ಮೇಲಿನ ಎಚ್ಚರಿಕೆ ಇಂಗ್ಲಿಷಿನಲ್ಲಿ, ಅದೂ ಇರುವೆ ಗಾತ್ರದಲ್ಲಿ. ಜೊತೆಗೆ ಸ್ಟ್ರಿಪ್ ಕತ್ತರಿಸುವಾಗ ಔಷಧಿಯ ಹೆಸರು ಗಿರಾಕಿಯ ತುಂಡಿನಲ್ಲಿ ಉಳಿಯಬೇಕು ಅಂತ ನಮಗೆ ತಾಕೀತು ಮಾಡಿ. ಗೌಡರು ಉಳಿದಿದ್ದು ‘ನಾಫಿಲ್’ ಅನ್ನೋ ಅರ್ಧ ಹೆಸರಿನಿಂದ. ಕತ್ತರಿ ಇನ್ನೊಂದು ಇಂಚು ಸರಿದಿದ್ದರೆ ಅದೂ ಇರುತ್ತಿರಲಿಲ್ಲ. ಹೆಸರು ಹೇಳದೆ ಫೋನಿನಲ್ಲಿ ಕೇಳುವುದು ಜನಕ್ಕೆ ಸುಲಭ, 104 ಸಹಾಯವಾಣಿಯವರಿಗೆ ಈ ಪ್ರಶ್ನೆಗೆ ಉತ್ತರ ಕೊಡಲು ತರಬೇತಿ ಕೊಡಿ. ಮಾತ್ರೆಯಿಂದ ತೊಂದರೆಯಾದರೆ ತಿಳಿಸಲು 1800-180-3024 ಅಂತ ಉಚಿತ ನಂಬರ್ ಇದೆ. ನನ್ನ ಗಿರಾಕಿಗಳಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಗೌಡರ ವಿಷಯವನ್ನು ನಾನೂ ಆ ನಂಬರಿಗೆ ಹೇಳಲಿಲ್ಲ. ಹೆದರಿದ್ದೆ.

ನನ್ನ ಸಹೋದ್ಯೋಗಿಗಳಿಗೂ ಒಂದು ಮಾತು. ಹೋದ ವರ್ಷ ಒಬ್ಬ ತಾಯಿ ಸಿಲ್ಡೆನಾಫಿಲ್ ಚೀಟಿ ತಂದರು. ನನ್ನ ಅಂಗಡಿಯ ಹುಡುಗ ಕಿಸಕ್ಕನೆ ನಕ್ಕುಬಿಟ್ಟ. ಮಾತ್ರೆ ಅವರ ನಾಲ್ಕು ವರ್ಷದ ಮಗಳಿಗೆ. ಶ್ವಾಸಕೋಶದ ರಕ್ತನಾಳದಲ್ಲಿ ಒತ್ತಡ ಜಾಸ್ತಿಯಾಗುವ ಕಾಯಿಲೆಗೂ ಇದೇ ಔಷಧಿ. ಆ ತಾಯಿ ಆಮೇಲೆ ನಮ್ಮ ಅಂಗಡಿಗೆ ಬರಲಿಲ್ಲ. ನಗು ಎಲ್ಲೆಲ್ಲಿಗೆ ತಾಗುತ್ತೆ ನೋಡಿ.

ನನ್ನ ಅಂಗಡಿಯಲ್ಲಿ ಈಗ ಫ್ರಿಜ್ ಪಕ್ಕ ಒಂದು ಸ್ಟೂಲ್ ಹಾಕಿದ್ದೇನೆ, ಅಡ್ಡಕ್ಕೆ ಒಂದು ಪರದೆ. ‘ಬಿಪಿ ನೋಡುತ್ತೇವೆ’ ಅಂತ ಬೋರ್ಡ್. ನೋಟು ತಳ್ಳಿದವರನ್ನು ಅಲ್ಲಿ ಕೂರಿಸಿ ಬಿಪಿ ಪಟ್ಟಿ ಸುತ್ತುತ್ತೇನೆ. ತೋಳಿಗೆ ಗಾಳಿ ತುಂಬುವಾಗ ಇಬ್ಬರೂ ಮೀಟರನ್ನೇ ನೋಡುತ್ತಿರುತ್ತೇವೆ, ಮುಖ ನೋಡುವ ಕಷ್ಟ ಇಲ್ಲ. ಆಗ ಕೇಳುತ್ತೇನೆ. ಜಾಸ್ತಿ ಜನ ಹೇಳುತ್ತಾರೆ. ಮೊದಲ ಸಲ ಬಂದವರನ್ನು ಡಾಕ್ಟರ ಹತ್ತಿರ ಕಳಿಸುತ್ತೇನೆ, ಹತ್ತರಲ್ಲಿ ಮೂರು ನಾಲ್ಕು ಜನ ಚೀಟಿ ಹಿಡಿದು ವಾಪಸ್ ಬರುತ್ತಾರೆ. ಉಳಿದವರು ಎಲ್ಲಿಗೆ ಹೋದರು ಅನ್ನೋ ಯೋಚನೆ ಇದ್ದೇ ಇದೆ.

ಗೌಡರು ಈಗಲೂ ತಿಂಗಳಿಗೊಂದು ಸಲ ಬರುತ್ತಾರೆ. ಜೊತೆಗೆ ಆಯಮ್ಮನೂ ಬರುತ್ತಾರೆ, ಕವರ್ ಬಿಚ್ಚಿ ಒಂದೊಂದೇ ಸ್ಟ್ರಿಪ್ ಎಣಿಸಿಕೊಂಡು ಹೋಗುತ್ತಾರೆ. ಈ ಪತ್ರ ಬರೆಯಲು ಇಬ್ಬರ ಒಪ್ಪಿಗೆಯೂ ಇದೆ. ತಪಾಸಣೆ ಶುರುಮಾಡುವುದಾದರೆ ಮೊದಲು ನನ್ನ ಅಂಗಡಿಗೇ ಬನ್ನಿ. ಮೂರು ವರ್ಷದ ಹಿಂದಿನ ಆ ರಾತ್ರಿಯ ಬಿಲ್ಲನ್ನು ಹುಡುಕಬೇಡಿ, ನಾನು ಹಾಕಿರಲಿಲ್ಲ.

ಇತಿ,
ಮಂಡ್ಯದ ಒಬ್ಬ ಫಾರ್ಮಾಸಿಸ್ಟ್